ಲೋಡ್‌ಗೇ ಫ್ಯಾಕ್ಟರ್ ಹಾಕಬೇಕಾ, ಕಾಂಬಿನೇಶನ್‌ನಲ್ಲಾ?

ಪ್ರಶ್ನೆ: ಆರ್‌ಸಿಸಿ (ಸ್ಟೀಲ್ ಹಾಕಿದ ಕಾಂಕ್ರೀಟ್) ಫ್ರೇಮ್ ಮಾಡೆಲ್ ಮಾಡುತ್ತಿದ್ದೇನೆ, ಕೋಡ್ ಐಎಸ್ 456 (ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ). ಸ್ಲ್ಯಾಬ್ ಮತ್ತು ಗೋಡೆಯ ಲೋಡ್‌ಗಳನ್ನು ಸುರಕ್ಷತೆಯ ಫ್ಯಾಕ್ಟರ್ 1.5ರಿಂದ ಗುಣಿಸಿಯೇ ಕೊಟ್ಟಿದ್ದೇನೆ. ಸಾಫ್ಟ್‌ವೇರ್ ತಾನೇ ಮಾಡಿದ ಕಾಂಬಿನೇಶನ್‌ಗಳೂ (ಬೇರೆ ಬೇರೆ ಲೋಡ್‌ಗಳನ್ನು ಫ್ಯಾಕ್ಟರ್ ಹಾಕಿ ಕೂಡಿಸಿದ್ದು) ಇವೆ. ಬೀಮ್‌ಗಳಿಗೆ ಸ್ಟೀಲ್ ಸಿಕ್ಕಾಪಟ್ಟೆ ಬರ್ತಿದೆ, ಯಾಕೆ? ಇನ್ನೊಂದು, 0.9 ಡೆಡ್ (ಕಟ್ಟಡದ್ದೇ ಶಾಶ್ವತ ತೂಕ) ಇರುವ ಕಾಂಬಿನೇಶನ್‌ಗಳನ್ನು ತೆಗೆದುಬಿಡಬಹುದಾ? ಲೋಡ್ ಕಡಿಮೆ ಮಾಡಿ ನೋಡೋದರಲ್ಲಿ ಏನು ಲಾಭ?

ಉತ್ತರ: 1.5 ಎರಡು ಸಲ ಬಿದ್ದಿದೆ. ಅಂದರೆ ಆ ಲೋಡ್‌ಗಳಿಗೆ 2.25 ಆಯಿತು. ಹಾಗಂತ ಉತ್ತರವನ್ನು ಸುಮ್ನೆ 1.5ರಿಂದ ಭಾಗಿಸಿದರೆ ಸರಿಹೋಗಲ್ಲ. ಬೀಮ್, ಕಾಲಮ್‌ಗಳ ಸ್ವಂತ ತೂಕವನ್ನು ಸಾಫ್ಟ್‌ವೇರ್ ಬೇರೆಯಾಗಿ ಲೆಕ್ಕ ಹಾಕುತ್ತದೆ, ಅದಕ್ಕೆ ಒಂದೇ ಸಲ ಬಿದ್ದಿರುತ್ತದೆ. ಭೂಕಂಪದ ಲೋಡ್‌ಗೆ ಬೇಕಾದ ತೂಕವನ್ನು ಇದೇ ಲೋಡ್‌ಗಳಿಂದ ತೆಗೆದುಕೊಂಡಿದ್ದರೆ ಬೇಸ್ ಶಿಯರ್ (ಭೂಕಂಪದಿಂದ ಕಟ್ಟಡದ ಬುಡಕ್ಕೆ ಬರುವ ಒಟ್ಟು ಅಡ್ಡ ಬಲ) ಕೂಡ ಉಬ್ಬಿರುತ್ತದೆ. ಡಿಫ್ಲೆಕ್ಷನ್ (ಬಾಗುವಿಕೆ) ಮತ್ತು ಮಣ್ಣಿನ ಮೇಲಿನ ಒತ್ತಡವನ್ನು ಫ್ಯಾಕ್ಟರ್ ಇಲ್ಲದ ಲೋಡ್‌ನಲ್ಲೇ ನೋಡಬೇಕು, ಆ ಲೋಡ್ ಈಗ ನಿಮ್ಮ ಮಾಡೆಲ್‌ನಲ್ಲೇ ಇಲ್ಲ. ಲೋಡ್ ಕೇಸ್‌ಗೆ (ಒಂದೊಂದು ಬಗೆಯ ಲೋಡ್‌ಗೆ) ಇದ್ದದ್ದು ಇದ್ದ ಹಾಗೆ ಕೊಡಿ. ಫ್ಯಾಕ್ಟರ್ ಏನಿದ್ದರೂ ಕಾಂಬಿನೇಶನ್‌ನಲ್ಲಿ ಮಾತ್ರ.

0.9 ಅನ್ನು ದಯವಿಟ್ಟು ತೆಗೀಬೇಡಿ. ಒಂದು ಮೂಲೆ ಕಾಲಮ್ ತಗೊಳ್ಳಿ. ಡೆಡ್ 400 ಕಿಲೋನ್ಯೂಟನ್, ಲೈವ್ (ಜನ, ಸಾಮಾನುಗಳ ಭಾರ) 250, ಭೂಕಂಪದಿಂದ 700 ಮೇಲಕ್ಕೋ ಕೆಳಕ್ಕೋ. 1.5(ಡೆಡ್ + ಲೈವ್) ಹಾಕಿದರೆ 975 ಒತ್ತಡ. ಭೂಕಂಪ ಮೇಲಕ್ಕೆ ಎಳೆಯುವಾಗ 1.2(ಡೆಡ್ + ಲೈವ್ − ಭೂಕಂಪ) ಬರೀ 60 ಎಳೆತ ಕೊಡುತ್ತದೆ. 1.5(ಡೆಡ್ − ಭೂಕಂಪ) ಹಾಕಿದರೆ 450. ಅದೇ 0.9 ಡೆಡ್ − 1.5 ಭೂಕಂಪ ಅಂದರೆ 360 ಕಳೆ 1050, ಹತ್ತಿರ ಹತ್ತಿರ 700 ಎಳೆತ! ಕಟ್ಟಡವನ್ನು ಕೆಳಗೆ ಹಿಡಿದಿರುವುದು ಅದರ ತೂಕವೇ ಅಲ್ವಾ? ಆ ತೂಕ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ ಏನಾಗುತ್ತೆ ಅಂತ ಈ ಕಾಂಬಿನೇಶನ್ ಕೇಳುತ್ತದೆ. ಕಾಲಮ್ ಸ್ಟೀಲನ್ನೂ ಬುನಾದಿಯನ್ನೂ ಎಷ್ಟೋ ಸಲ ಇದೇ ನಿರ್ಧರಿಸುತ್ತದೆ. ಕಾಂಬಿನೇಶನ್ ಪಟ್ಟಿ ಉದ್ದವಾದರೆ ಆಗಲಿ, ಲೆಕ್ಕ ಮಾಡೋದು ಕಂಪ್ಯೂಟರ್ ತಾನೆ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಸ್ಟಾಡ್ ಸಾಫ್ಟ್‌ವೇರ್‌ನಲ್ಲಿ ಪಿ-ಡೆಲ್ಟಾ (ವಾಲಿದ ಕಾಲಮ್ ಮೇಲಿನ ಭಾರದಿಂದ ಬರುವ ಹೆಚ್ಚುವರಿ ಪರಿಣಾಮದ ಲೆಕ್ಕ) ಆನ್ ಮಾಡಿದರೆ ಇವೇ ಕಾಂಬಿನೇಶನ್‌ಗಳು ಸಾಕಾ?

ಉತ್ತರ: ಸಾಲದು. ‘ಲೋಡ್ ಕಾಂಬಿನೇಶನ್’ ಪ್ರತಿ ಕೇಸನ್ನೂ ಬೇರೆ ಬೇರೆ ಬಿಡಿಸಿ, ಆಮೇಲೆ ಫಲಿತಾಂಶಗಳನ್ನು ಕೂಡುತ್ತದೆ. ಪಿ-ಡೆಲ್ಟಾದಲ್ಲಿ ಹಾಗೆ ಕೂಡೋಕೆ ಬರಲ್ಲ. ಗಾಳಿ ಒಂದೇ ಇದ್ದಾಗ ಕಾಲಮ್ ಮೇಲೆ ಭಾರವೇ ಇರಲ್ಲ, ಹಾಗಾಗಿ ಪಕ್ಕಕ್ಕೆ ವಾಲಿದರೂ ಹೆಚ್ಚುವರಿ ಮೊಮೆಂಟ್ (ಬಾಗಿಸುವ ಪರಿಣಾಮ) ಬರಲ್ಲ. ಭಾರ, ಗಾಳಿ ಎರಡೂ ಒಟ್ಟಿಗೆ ಇದ್ದಾಗಲೇ ಅದು ಹುಟ್ಟೋದು. ಅದಕ್ಕೆ ‘ರಿಪೀಟ್ ಲೋಡ್’ ಬಳಸಿ. ಅದು ಮೊದಲೇ ಲೋಡ್‌ಗಳನ್ನು ಫ್ಯಾಕ್ಟರ್ ಸಮೇತ ಸೇರಿಸಿ, ಆಮೇಲೆ ಬಿಡಿಸುತ್ತದೆ. ಎಳೆತ ಮಾತ್ರ ತಡೆಯುವ ಬ್ರೇಸಿಂಗ್ (ಫ್ರೇಮ್‌ಗೆ ಕೊಡುವ ಓರೆ ಆಸರೆ) ಇದ್ದರೂ ಇದೇ ದಾರಿ.