1994ರ ಹಳೇ ನ್ಯಾರೋಬೋಟ್ ಕೊಳ್ಳಬೇಕು ಅಂತಿದ್ದೇವೆ, ಸ್ವಲ್ಪ ದಾರಿ ಹೇಳಿ

ಶಿರಸಿಯವ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಪ್ರತಿ ಭಾನುವಾರ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಡದಲ್ಲಿ ನಡೆಯುತ್ತೇವೆ. ದೋಣಿಯಲ್ಲಿ ಬದುಕುವವರನ್ನು ನೋಡಿ ನೋಡಿ ನಮಗೂ ಆಸೆ ಹುಟ್ಟಿದೆ.

ಹೋದ ವಾರ ಬ್ರಾನ್‌ಸ್ಟನ್ ಹತ್ತಿರ ಒಂದು ನ್ಯಾರೋಬೋಟ್, ಅಂದರೆ ಕಾಲುವೆಗೆಂದೇ ಕಟ್ಟಿದ ಉದ್ದದ, ಕಿರಿದಾದ ಉಕ್ಕಿನ ದೋಣಿ, ನೋಡಿ ಬಂದೆವು. 57 ಅಡಿ ಉದ್ದ, 6 ಅಡಿ 10 ಇಂಚು ಅಗಲ, 1994ರದ್ದು. ಬಿಎಂಸಿ 1.8 ಡೀಸೆಲ್ ಎಂಜಿನ್. ಹೊಸ ಅಡುಗೆಕಟ್ಟೆ, ಹೊಸ ಬಣ್ಣ, ಮೋರ್ಸೊ ಒಲೆ. ಬೆಲೆ 46,000 ಪೌಂಡ್ ಹೇಳುತ್ತಿದ್ದಾರೆ. ಮಾರುವವರ ಹತ್ತಿರ ದೋಣಿಯ ಸ್ಥಿತಿ ಪರೀಕ್ಷಿಸಿದ ಐದು ವರ್ಷ ಹಿಂದಿನ ಸರ್ವೆ ವರದಿ ಇದೆ. ಬೋಟ್ ಸೇಫ್ಟಿ ಸರ್ಟಿಫಿಕೇಟ್ ಇನ್ನೂ ಎರಡು ವರ್ಷ ನಡೆಯುತ್ತದೆ. ಹಾಗಿದ್ದ ಮೇಲೆ ಮತ್ತೆ ಸರ್ವೆಗೆ ದುಡ್ಡು ಹಾಕಬೇಕಾ? ಕೊಂಡ ಮೇಲೆ ವರ್ಷ ವರ್ಷ ಏನೇನು ಕೆಲಸ ಇರುತ್ತದೆ? ಚಳಿಗಾಲದಲ್ಲಿ ಮಗು ಇಟ್ಟುಕೊಂಡು ಇರಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹರಿಗೋಲು:

ತಮ್ಮಾ, ಮೊದಲ ಪ್ರಶ್ನೆಗೆ ಮೊದಲು ಉತ್ತರ. ಹೌದು, ಹಾಕಬೇಕು. ನಿಮ್ಮದೇ ಸರ್ವೇಯರ್, ನಿಮ್ಮದೇ ದುಡ್ಡು, ದೋಣಿ ನೀರಿನಿಂದ ಮೇಲೆ ಬಂದಿರಬೇಕು. ಅಷ್ಟು ಆಗದೆ ಸಹಿ ಹಾಕಬೇಡಿ.

ನಾವು 2016ರಿಂದ ದೋಣಿಯಲ್ಲೇ ಇದ್ದೇವೆ. ನಮ್ಮದು 1991ರದ್ದು. ನೀವು ಈಗ ಮಾಡಲು ಹೊರಟ ತಪ್ಪನ್ನೇ ನಾನು ಮಾಡಿದ್ದೆ. ಮಾರುವವರು ಕೊಟ್ಟ ಹಳೇ ವರದಿ ನಂಬಿದೆ. ಒಳಗಿನ ಓಕ್ ಮರದ ಕೆಲಸ ನೋಡಿ ಮನಸೋತೆ. ಎರಡು ಚಳಿಗಾಲ ಕಳೆದ ಮೇಲೆ ವಿಮೆಗಾಗಿ ದೋಣಿಯನ್ನು, ನೀರು ಖಾಲಿ ಮಾಡಿ ತಳ ನೋಡುವ ಕಟ್ಟೆಯಾದ ಡ್ರೈ ಡಾಕ್‌ಗೆ ಒಯ್ದೆವು. ಸರ್ವೇಯರ್ ಸುತ್ತಿಗೆಯಲ್ಲಿ ತಟ್ಟುತ್ತಾ ಬಂದರು. ಟಣ್ ಟಣ್ ಅನ್ನುತ್ತಿದ್ದ ಸದ್ದು ನೀರಿನ ಗೆರೆ ಹತ್ತಿರ ಬಂದಾಗ ಮಂಕಾಯಿತು. ಕಬ್ಬಿಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರೆ 3.4 ಮಿಲಿಮೀಟರ್. ಮೂಲದಲ್ಲಿ ಅದು 6 ಇತ್ತು. ಸಾಮಾನ್ಯವಾಗಿ ವಿಮೆಯವರು 4ಕ್ಕಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲ. ನಮ್ಮವರೂ ಒಪ್ಪಲಿಲ್ಲ. ಎರಡೂ ಬದಿಗೆ ಹೊಸ ಪ್ಲೇಟ್ ಬೆಸೆಯಲು 9,000 ಪೌಂಡ್ ಹೋಯಿತು. ಊರಲ್ಲಿ ತಂಗಿಯ ಮದುವೆಗೆ ಅಂತ ಕೂಡಿಟ್ಟ ದುಡ್ಡು ಅದು. ಅವತ್ತು ಡಾಕ್‌ನ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ಇನ್ನೂ ನೆನಪಿದೆ.

ಪ್ಲೇಟ್ ಮೇಲೆ ಪ್ಲೇಟ್ ಬೆಸೆದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. 4 ಮಿಲಿಮೀಟರ್ ಉಕ್ಕು ಒಂದು ಚದರ ಮೀಟರ್‌ಗೆ 31 ಕೆಜಿ ತೂಗುತ್ತದೆ. ನಿಮ್ಮ 57 ಅಡಿ ದೋಣಿಗೆ ಎರಡೂ ಬದಿ ಎರಡಡಿ ಎತ್ತರಕ್ಕೆ ಹಾಕಿದರೆ ಆರು ಕ್ವಿಂಟಾಲ್ ಮೀರುತ್ತದೆ. ದೋಣಿ ಅಷ್ಟು ಕೆಳಗೆ ಇಳಿಯುತ್ತದೆ. ಸಿಂಕ್ ನೀರು ಹೋಗುವ ತೂತು, ಎಂಜಿನ್ ಹೊಗೆಯ ತೂತು ನೀರಿಗೆ ಹತ್ತಿರವಾಗುತ್ತವೆ. ಅದನ್ನೆಲ್ಲ ಮತ್ತೆ ಅಳೆಯಬೇಕು. ನೀವು ನೋಡಿದ ದೋಣಿಗೂ ಹಿಂದೆ ಪ್ಲೇಟ್ ಬೆಸೆದಿದ್ದಾರಾ ಅಂತ ಕೇಳಿ.

ಇನ್ನೊಂದು ಮಾತು. ಬೋಟ್ ಸೇಫ್ಟಿ ಸರ್ಟಿಫಿಕೇಟ್ ಅಂದರೆ ದೋಣಿ ಗಟ್ಟಿ ಇದೆ ಅಂತ ಅಲ್ಲ. ಅದು ನಾಲ್ಕು ವರ್ಷಕ್ಕೊಮ್ಮೆ ಗ್ಯಾಸ್, ಇಂಧನ, ವೈರಿಂಗ್, ಬೆಂಕಿಯ ಅಪಾಯ ನೋಡುತ್ತದೆ. ತಳದ ಕಬ್ಬಿಣ ಎಷ್ಟು ಉಳಿದಿದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹೊಸಬರು ಇಲ್ಲಿಯೇ ಮೋಸ ಹೋಗುವುದು.

ನಮ್ಮ ಕಬ್ಬಿಣ ಅಷ್ಟು ಬೇಗ ಯಾಕೆ ತಿಂದುಹೋಯಿತು ಗೊತ್ತಾ? ನಾವು ಮರೀನಾದಲ್ಲಿ, ಅಂದರೆ ದುಡ್ಡು ಕೊಟ್ಟು ದೋಣಿ ನಿಲ್ಲಿಸುವ ಕಟ್ಟೆಯಲ್ಲಿ, ಕರೆಂಟ್ ಪ್ಲಗ್ ಹಾಕಿ ಹಗಲೂ ರಾತ್ರಿ ಬಿಟ್ಟಿದ್ದೆವು. ಆ ವೈರಿನ ಅರ್ಥಿಂಗ್ ಅಕ್ಕಪಕ್ಕದ ಎಲ್ಲ ದೋಣಿಗಳ ಕಬ್ಬಿಣವನ್ನೂ ಸೇರಿಸುತ್ತದೆ. ನೀರೊಳಗೆ ಅದೊಂದು ದೊಡ್ಡ ಬ್ಯಾಟರಿ ಆಗುತ್ತದೆ. ದೋಣಿಯ ಬದಲು ತಾನು ಕರಗಲೆಂದೇ ಬದಿಗೆ ಬೆಸೆದ ಮೆಗ್ನೀಸಿಯಂ ಗಟ್ಟಿ, ಅಂದರೆ ಆನೋಡ್, ಮೊದಲು ಕರಗುತ್ತದೆ. ಅದು ಮುಗಿದ ಮೇಲೆ ದೋಣಿಯದೇ ಸರದಿ. ಗ್ಯಾಲ್ವಾನಿಕ್ ಐಸೊಲೇಟರ್ ಅನ್ನುವ ಸಣ್ಣ ಪೆಟ್ಟಿಗೆ ಹಾಕಿದ್ದರೆ ಇದನ್ನು ಬಹಳ ಮಟ್ಟಿಗೆ ತಡೆಯಬಹುದಿತ್ತು. ಆ ದೋಣಿಯಲ್ಲಿ ಅದು ಇದೆಯಾ ನೋಡಿ. ಮತ್ತೆ ಆನೋಡ್ ಮೆಗ್ನೀಸಿಯಂದೇ ಇರಬೇಕು. ಸತು ಸಮುದ್ರದ ಉಪ್ಪುನೀರಿಗೆ ಸರಿ, ಕಾಲುವೆಯ ಸಿಹಿನೀರಿಗಲ್ಲ.

ನಮ್ಮ ಊರು ಆನೆಗೊಂದಿ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು ತಳಕ್ಕೆ ಡಾಂಬರು ಬಳಿಯುವುದನ್ನು ನೋಡುತ್ತಾ ಬೆಳೆದವಳು ನಾನು. ಇಲ್ಲಿಯೂ ಅದೇ ಕೆಲಸ. ಬ್ಲ್ಯಾಕಿಂಗ್ ಅನ್ನುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿ, ಜೋರು ನೀರಲ್ಲಿ ತೊಳೆದು, ತುಕ್ಕು ಕೆರೆದು, ಚೆನ್ನಾಗಿ ಒಣಗಿಸಿ, ಎರಡು ಮೂರು ಕೋಟ್ ಬಿಟುಮೆನ್ ಬಳಿಯಬೇಕು. ನೀರಿನ ಗೆರೆಯ ಹತ್ತಿರ ಇನ್ನೊಂದು ಕೋಟ್ ಜಾಸ್ತಿ. ನೀರು, ಗಾಳಿ ಎರಡೂ ತಾಗುವ ಜಾಗ ಅದು, ಅಲ್ಲೇ ಮೊದಲು ತಿನ್ನುವುದು. ಎಪಾಕ್ಸಿ ಬಳಿದರೆ ಜಾಸ್ತಿ ವರ್ಷ ಬರುತ್ತದೆ. ಆದರೆ ಹಳೇ ಬಿಟುಮೆನ್ ಮೇಲೆ ಅದು ಹಿಡಿಯುವುದಿಲ್ಲ. ಬರೀ ಕಬ್ಬಿಣ ಕಾಣುವ ತನಕ ಮರಳಿನಂಥ ಪುಡಿ ಜೋರಾಗಿ ಚಿಮ್ಮಿಸಿ ಬ್ಲಾಸ್ಟ್ ಮಾಡಿಸಬೇಕು. ಬ್ಲ್ಯಾಕಿಂಗ್‌ನ ಹಳೇ ಬಿಲ್ಲುಗಳನ್ನು ಕೇಳಿ. ಹೊಸ ಅಡುಗೆಕಟ್ಟೆಗಿಂತ ಆ ನಾಲ್ಕು ಕಾಗದ ಮುಖ್ಯ.

ಬೈಂದೂರಿನವ:

ಅಕ್ಕ ಹೇಳಿದ್ದು ಸರಿ. ನಾನು ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟ್‌ಗಳ ಎಂಜಿನ್ ಬಿಚ್ಚುತ್ತಾ ಕೆಲಸ ಕಲಿತವ, ಈಗ ಬರ್ಮಿಂಗ್‌ಹ್ಯಾಮ್ ಕಡೆ ಇದ್ದೇನೆ. ಎಂಜಿನ್ ಬಗ್ಗೆ ಮಾತ್ರ ಹೇಳುತ್ತೇನೆ.

ಬಿಎಂಸಿ 1.8 ಹಳೇದಾದರೂ ಒಳ್ಳೇ ಎಂಜಿನ್. ಬಿಡಿಭಾಗ ಇನ್ನೂ ಸಿಗುತ್ತದೆ. ನೋಡಲು ಹೋದಾಗ ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅನ್ನಿ. ಪೂರ್ತಿ ತಣ್ಣಗಿರುವಾಗ ಹೇಗೆ ಹಿಡಿಯುತ್ತದೆ ಅನ್ನುವುದೇ ಪರೀಕ್ಷೆ. ಆಯಿಲ್ ಎಷ್ಟು ಗಂಟೆಗೊಮ್ಮೆ ಬದಲಿಸಿದ್ದಾರೆ ಅಂತ ಪುಸ್ತಕ ಕೇಳಿ.

ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವಲ್ಲಿ, ನೀರು ಒಳಗೆ ಬರದಂತೆ ತಡೆಯುವ ಸ್ಟರ್ನ್ ಗ್ಲ್ಯಾಂಡ್ ಇರುತ್ತದೆ. ಓಡುವಾಗ ಹನಿ ಹನಿ ನೀರು ಬಂದರೆ ಹೆದರಬೇಡಿ. ಸಂಜೆ ದೋಣಿ ಕಟ್ಟಿದ ಮೇಲೆ ಗ್ರೀಸ್ ಸ್ಕ್ರೂ ಬಿಗಿಯಾಗುವ ತನಕ ಒಂದೆರಡು ಸುತ್ತು ತಿರುಗಿಸಿ, ಹನಿ ನಿಲ್ಲಬೇಕು. ನಿಲ್ಲದಿದ್ದರೆ ಪ್ಯಾಕಿಂಗ್ ಬದಲಿಸಬೇಕು. ದೊಡ್ಡ ಖರ್ಚಲ್ಲ.

ವೀಡ್ ಹ್ಯಾಚ್ ಬಗ್ಗೆ ಮಾತ್ರ ಹುಷಾರು ಮಾರಾಯ್ರೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡದ್ದನ್ನು ಬಿಡಿಸಲು ಇರುವ ಮುಚ್ಚಳ ಅದು. ಸೌತಾಲ್ ಹತ್ತಿರ ಒಮ್ಮೆ ನನಗೆ ಇಡೀ ಒಂದು ಸೀರೆ ಸಿಕ್ಕಿತ್ತು. ಯಾರೋ ಪೂಜೆ ಮಾಡಿ ಬಿಟ್ಟದ್ದಿರಬೇಕು, ತೆಂಗಿನಕಾಯಿಗಳೂ ತೇಲುತ್ತಿದ್ದವು. ಬ್ರೆಡ್ ಕೊಯ್ಯುವ ಚಾಕುವಿನಲ್ಲಿ ಮುಕ್ಕಾಲು ಗಂಟೆ ಕೊಯ್ದೆ. ಕೈ ಹಾಕುವ ಮೊದಲು ಎಂಜಿನ್ ಆರಿಸಿ, ಕೀ ಜೇಬಿನಲ್ಲಿ ಇಡಿ. ಆಮೇಲೆ ಮುಚ್ಚಳ ಭದ್ರ ಮಾಡದೆ ಎಂಜಿನ್ ಓಡಿಸಬೇಡಿ. ಪ್ರೊಪೆಲ್ಲರ್ ಎಬ್ಬಿಸಿದ ನೀರು ಅದರ ಮೂಲಕವೇ ಒಳಗೆ ನುಗ್ಗುತ್ತದೆ. ದೋಣಿಗಳು ಹಾಗೆಯೇ ಮುಳುಗಿವೆ.

ಶಿರಸಿಯವ:

ತುಂಬಾ ಉಪಕಾರವಾಯಿತು. ಇಬ್ಬರ ಮಾತೂ ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಎರಡು ಚಿಂತೆ. ಒಂದು ಚಳಿ ಮತ್ತು ಒದ್ದೆ. ಇನ್ನೊಂದು, ದೋಣಿ ನಿಲ್ಲಿಸಲು ಜಾಗ ಕೊಳ್ಳದೆ 14 ದಿನಕ್ಕೊಮ್ಮೆ ಸರಿಯುತ್ತಾ ಇದ್ದರೆ ಸಾಕು ಅಂತ ಕೇಳಿದ್ದೆವು. ಮಗಳು ಸೆಪ್ಟೆಂಬರ್‌ನಲ್ಲಿ ಶಾಲೆ ಸೇರುತ್ತಾಳೆ. ಅಕ್ಕ, ಇದಕ್ಕೆ ಏನು ಹೇಳುತ್ತೀರಿ?

ಹರಿಗೋಲು:

ಚಳಿಗೆ ಹೆದರಬೇಡಿ ಅಂತ ಹೇಳಿ ಅವರಿಗೆ. ಆ ಒಲೆ ಹೊತ್ತಿಸಿದರೆ ಮನೆಗಿಂತ ಬೆಚ್ಚಗಿರುತ್ತದೆ. ನಾನು ದೋಸೆ ಹಿಟ್ಟು ಹುದುಗಲು ಒಲೆಯ ಪಕ್ಕವೇ ಇಡುತ್ತೇನೆ. ಜನವರಿಯಲ್ಲೂ ಉಕ್ಕುತ್ತದೆ.

ಒದ್ದೆಯೇ ದೊಡ್ಡ ಶತ್ರು. ಮೂರು ಜನರ ಉಸಿರು, ಕುಕ್ಕರ್ ಹಬೆ, ಒಗೆದ ಬಟ್ಟೆ, ಎಲ್ಲ ತಣ್ಣಗಿನ ಕಿಟಕಿ ಚೌಕಟ್ಟಿಗೆ ಹೋಗಿ ನೀರಾಗುತ್ತದೆ. ಹಾಸಿಗೆ ಅಡಿ ಬೂಸ್ಟು ಹಿಡಿಯುತ್ತದೆ. ಹಾಸಿಗೆ ಕೆಳಗೆ ಗಾಳಿ ಆಡುವಂತೆ ಪಟ್ಟಿ ಹಾಕಿಸಿ. ಚಳಿ ಅಂತ ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ. ಅದು ಬೂಸ್ಟಿನ ವಿಷಯ ಮಾತ್ರ ಅಲ್ಲ. ಒಲೆ, ಗ್ಯಾಸ್ ಎರಡೂ ಕಾರ್ಬನ್ ಮಾನಾಕ್ಸೈಡ್ ಬಿಡಬಹುದು. ಅದಕ್ಕೆ ವಾಸನೆ ಇಲ್ಲ. 2019ರ ಏಪ್ರಿಲ್‌ನಿಂದ ಮಲಗುವ ಸೌಕರ್ಯ ಇರುವ ದೋಣಿಗಳಲ್ಲಿ ಅದರ ಅಲಾರಂ ಇರಲೇಬೇಕು ಅಂತ ನಿಯಮ ಇದೆ. ಮಗು ಮಲಗುವ ಕಡೆ ಇನ್ನೊಂದು ಜಾಸ್ತಿ ಹಾಕಿ.

1994ರದ್ದು ಅಂದಿರಲ್ಲ, ಗೋಡೆ ಒಳಗೆ ಏನು ತುಂಬಿದ್ದಾರೆ ಕೇಳಿ. ಥರ್ಮೋಕೋಲ್ ಹಾಳೆ ಇದ್ದರೆ, ವೈರುಗಳು ಅದಕ್ಕೆ ತಾಗಿಕೊಂಡಿವೆಯಾ ನೋಡಿಸಿ. ವರ್ಷಗಟ್ಟಲೆ ತಾಗಿದರೆ ವೈರಿನ ಪಿವಿಸಿ ಹೊದಿಕೆಯ ಮೆದುತನ ಹೋಗಿ ಬಿರುಸಾಗಿ ಒಡೆಯುತ್ತದೆ.

ಈಗ ಜಾಗದ ವಿಷಯ. ಇಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ ಕಾಯಂ ಜಾಗ ಇಲ್ಲದವರು ನಿಜವಾಗಿ ಸಂಚಾರ ಮಾಡುತ್ತಿರಬೇಕು. ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. ಎರಡು ಸೇತುವೆ ಮಧ್ಯೆ ಹಿಂದೆ ಮುಂದೆ ಮಾಡುವುದನ್ನು ಸಂಚಾರ ಅನ್ನುವುದಿಲ್ಲ. 2012ರಿಂದ ಈ ಕಾಲುವೆಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಲೆಕ್ಕ ಇಡುತ್ತದೆ. ಲೈಸೆನ್ಸ್ ನವೀಕರಿಸುವುದಿಲ್ಲ ಅಂದರೆ ನಿಮ್ಮ ಮನೆಯೇ ಹೋದ ಹಾಗೆ. 2024ರಿಂದ ಕಾಯಂ ಜಾಗ ಇಲ್ಲದವರಿಗೆ ಲೈಸೆನ್ಸ್ ಶುಲ್ಕವೂ ಜಾಸ್ತಿ. ನಾವಿಬ್ಬರೂ ದೋಣಿಯಿಂದಲೇ ಕೆಲಸ ಮಾಡುವವರು, ಆದ್ದರಿಂದ ನಡೆಯುತ್ತದೆ. ನಿಮಗೆ ಆಫೀಸ್ ಇದೆ, ಮಗುವಿಗೆ ಶಾಲೆ ಇದೆ. ದೋಣಿಯ ವೇಗದ ಮಿತಿಯೇ ಗಂಟೆಗೆ 4 ಮೈಲಿ. ಬೆಳಿಗ್ಗೆ ಎಂಟೂವರೆಗೆ ಶಾಲೆಯ ಗೇಟಿಗೆ ಎಲ್ಲಿಂದ ಬರುತ್ತೀರಿ?

ಮೊದಲು ವಾಸಕ್ಕೆ ಅನುಮತಿ ಇರುವ ಮೂರಿಂಗ್, ಅಂದರೆ ದೋಣಿ ಕಟ್ಟುವ ಕಾಯಂ ಜಾಗ, ಹುಡುಕಿ. ಆಮೇಲೆ ದೋಣಿ. ಲೀಜರ್ ಮೂರಿಂಗ್ ಅಂದರೆ ವಾಸ ಮಾಡುವಂತಿಲ್ಲ. ದೋಣಿ ಕೊಂಡರೆ ಅದು ನಿಂತ ಜಾಗ ತಾನಾಗಿ ಬರುವುದಿಲ್ಲ. ಹಳೇ ಮಾಲೀಕರ ಲೈಸೆನ್ಸ್ ಕೂಡ ನಿಮಗೆ ವರ್ಗ ಆಗುವುದಿಲ್ಲ. ಲೈಸೆನ್ಸ್ ಹೆಸರಲ್ಲಿದೆ ಅಂದ ಮಾತ್ರಕ್ಕೆ ಅವರೇ ಮಾಲೀಕರು ಅಂತಲೂ ಅಲ್ಲ. ಕೊಂಡ ಪತ್ರ ತೋರಿಸಲು ಹೇಳಿ, ಸಾಲ ತೀರಿದೆಯಾ ಕೇಳಿ.

ಮಗಳಿಗೆ ಲೈಫ್ ಜಾಕೆಟ್ ಮೊದಲ ದಿನದಿಂದಲೇ. ಇನ್ನು ದೋಣಿಯನ್ನು ಮೇಲೆ ಕೆಳಗೆ ಮಾಡುವ ಗೇಟಿನ ತೊಟ್ಟಿಯಾದ ಲಾಕ್‌ನಲ್ಲಿ ಕೆಳಗೆ ಇಳಿಯುವಾಗ ಹಿಂಬದಿಯ ಗೇಟಿನ ಬುಡದಲ್ಲಿ ಹೊಸ್ತಿಲು ಇರುತ್ತದೆ, ನೀರಲ್ಲಿ ಮುಳುಗಿ ಕಾಣುವುದಿಲ್ಲ. ತೂಬು ಎತ್ತಿ ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಕೆಳಗೆ ಜಾರಿ ಮುಳುಗುತ್ತದೆ. ದಡದಲ್ಲಿ ಗುರುತು ಹಾಕಿರುತ್ತಾರೆ. ಯಾವಾಗಲೂ ದೋಣಿಯನ್ನು ಆ ಗುರುತಿನ ಮುಂದೆಯೇ ನಿಲ್ಲಿಸಿ. ಒಬ್ಬರ ಕಣ್ಣು ಅಲ್ಲೇ ಇರಲಿ.

ಶಿರಸಿಯವ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸರ್ವೆ ಮಾಡಿಸಿದೆವು. ದೋಣಿ ಕ್ರೇನ್‌ನಲ್ಲಿ ಮೇಲೆ ಬಂದಾಗ ನಾನೂ ಇದ್ದೆ. ಬದಿಯ ಪ್ಲೇಟ್ 5 ಮಿಲಿಮೀಟರ್ ಹತ್ತಿರ ಇತ್ತು. ಖುಷಿಯಾಯಿತು. ಆದರೆ ತಳಕ್ಕೆ ಯಾವತ್ತೂ ಡಾಂಬರು ಬಳಿದೇ ಇರಲಿಲ್ಲ. ಅಲ್ಲಲ್ಲಿ ಗುಳಿ ಬಿದ್ದು 3.5 ಉಳಿದಿತ್ತು. ಆನೋಡ್ ಇದ್ದ ಜಾಗದಲ್ಲಿ ಬರೀ ಕಬ್ಬಿಣದ ಪಟ್ಟಿ. ಬೆಲೆ ಇಳಿಸಿ ಅಂದರೆ ಮಾರುವವರು ಒಪ್ಪಲಿಲ್ಲ. ಬಿಟ್ಟುಬಿಟ್ಟೆವು. ಸರ್ವೆಗೆ, ಕ್ರೇನ್‌ಗೆ ದುಡ್ಡು ಹೋಯಿತು, ಹೋಗಲಿ. ಮಗಳು ಮಾತ್ರ ಅತ್ತಳು. ಅವಳು ಆಗಲೇ ದೋಣಿಗೆ ಶಾಲ್ಮಲಾ ಅಂತ ಹೆಸರಿಟ್ಟಿದ್ದಳು.

ಎರಡು ಕಡೆ ಮೂರಿಂಗ್‌ಗೆ ಹೆಸರು ಬರೆಸಿದ್ದೇವೆ.

ಹರಿಗೋಲು:

ಹೆಸರು ಹಾಗೇ ಇಟ್ಟುಕೊಳ್ಳಲು ಹೇಳಿ ಮಗಳಿಗೆ. ಬರುವ ತಿಂಗಳು ನಮ್ಮ ದೋಣಿ ಬ್ಲ್ಯಾಕಿಂಗ್‌ಗೆ ಮೇಲೆ ಬರುತ್ತದೆ. ನಿಮ್ಮಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಹಳೇ ಬಟ್ಟೆ ಹಾಕಿಕೊಂಡು ಮೂರೂ ಜನ ಬನ್ನಿ. ತುಕ್ಕು ಕೆರೆಯುವುದು, ಬಳಿಯುವುದು ಎಲ್ಲ ನೋಡಿದ ಹಾಗಾಗುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ.