ಐದು ವ್ಯಾಟ್‌ನಲ್ಲಿ ದೂರ ಮುಟ್ಟಲು: ಯಾವ ಬ್ಯಾಂಡ್, ಯಾವ ಹೊತ್ತು, ಎಂಥ ತಂತಿ?

ಕೇಳಿದ್ದು

ಹ್ಯಾಮ್ (ಹವ್ಯಾಸಿ) ರೇಡಿಯೊ ಲೈಸೆನ್ಸ್ ಹೊಸದು. ರಿಗ್ (ರೇಡಿಯೊ ಸೆಟ್) 5 ವ್ಯಾಟ್‌ನದು; 40ರಿಂದ 10 ಮೀಟರ್‌ ತರಂಗಾಂತರದವರೆಗಿನ ಬ್ಯಾಂಡ್‌ಗಳಿವೆ, ಮೋರ್ಸ್ ಮತ್ತು ಎಸ್‌ಎಸ್‌ಬಿ (ಮಾತಿನ ವಿಧಾನ) ಎರಡೂ ಆಗುತ್ತದೆ. 20 ಮೀಟರ್ ಉದ್ದದ ತಂತಿಯನ್ನು 4 ಮೀಟರ್ ಎತ್ತರದಲ್ಲಿ ಎಳೆದು ಕಟ್ಟಿದ್ದೇನೆ, ತುದಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್ (ತಂತಿಯ ಹೆಚ್ಚಿನ ತಡೆಯನ್ನು ಕೇಬಲ್‌ನ 50 ಓಮ್‌ಗೆ ಹೊಂದಿಸುವಂಥದ್ದು), ಅಲ್ಲಿಂದ ರಿಗ್‌ವರೆಗೆ 30 ಮೀಟರ್ ಆರ್‌ಜಿ-174 ಕೇಬಲ್. ಕಿವಿಗೆ ಬೇಕಾದಷ್ಟು ಸ್ಟೇಷನ್‌ಗಳು ಬೀಳುತ್ತವೆ, ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಸಾರ್ವತ್ರಿಕ ಕರೆ) ಕರೆದರೆ ಮಾತ್ರ ಉತ್ತರವಿಲ್ಲ. 100 ವ್ಯಾಟ್ ಆಂಪ್ಲಿಫೈಯರ್ ತರುವ ಮೊದಲು ಏನೇನು ಸರಿಪಡಿಸಿಕೊಳ್ಳಬೇಕು? ಅನುಭವವಿದ್ದವರು ತಿಳಿಸಿ.

ಉತ್ತರ 1

ಆಂಪ್ಲಿಫೈಯರ್ ಸದ್ಯಕ್ಕೆ ಬೇಡ. 100 ವ್ಯಾಟ್‌ಗೂ 5 ವ್ಯಾಟ್‌ಗೂ ಇರುವ ಅಂತರ 13 ಡೆಸಿಬೆಲ್ (ಶಕ್ತಿಯ ಅನುಪಾತದ ಅಳತೆ). ಬರುವ ಸಿಗ್ನಲ್ ಎಷ್ಟು ಗಟ್ಟಿ ಎಂದು ಅಳೆಯುವ ಒಂದು ಎಸ್ ಯೂನಿಟ್ ಎಂದರೆ 6 ಡೆಸಿಬೆಲ್. ಅಂದರೆ ಆಚೆಯವರ ಎಸ್ ಮೀಟರ್‌ನಲ್ಲಿ ಮುಳ್ಳು ಎರಡು ಮನೆ ಕೆಳಗೆ ನಿಲ್ಲುತ್ತದೆ, ಅಷ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ತಪ್ಪು ಬ್ಯಾಂಡ್ ಹಿಡಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಳ್ಳುತ್ತೀರಿ.

ಕಡಿಮೆ ವ್ಯಾಟ್‌ನವರು ಮೊದಲು ಕಲಿಯಬೇಕಾದದ್ದು ಇದು: ನಿಮಗೆ ಬೇಕಾದ ದಿಕ್ಕಿಗೆ ಆ ಗಳಿಗೆಯಲ್ಲಿ ತೆರೆದಿರುವ ಬ್ಯಾಂಡ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನ ಆವರ್ತನದ್ದನ್ನು (ಮೀಟರ್ ಸಂಖ್ಯೆ ಕಡಿಮೆಯಿರುವುದನ್ನು) ಹಿಡಿಯಿರಿ. ಹಗಲಿನಲ್ಲಿ ಅಯಾನುಗೋಳದ ಡಿ ಪದರ ಅಲೆಯನ್ನು ಹೀರುತ್ತದೆ. ಆವರ್ತನ ಇಮ್ಮಡಿಯಾದರೆ ಆ ನಷ್ಟ, ಡೆಸಿಬೆಲ್ ಲೆಕ್ಕದಲ್ಲಿ, ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನ 40 ಮೀಟರ್‌ನಲ್ಲಿ ದೂರಕ್ಕೆ ಕೂಗುವುದು ಹೀಗಾಗಿಯೇ ವ್ಯರ್ಥ. ಅದೇ 5 ವ್ಯಾಟ್ 10 ಮೀಟರ್ ತೆರೆದಿದ್ದಾಗ ಎಫ್2 ಪದರದಿಂದ (ಅಲೆಯನ್ನು ಭೂಮಿಗೆ ಮರಳಿಸುವ ಮೇಲಿನ ಪದರ) ಒಂದೇ ನೆಗೆತಕ್ಕೆ 3,000–4,000 ಕಿಲೋಮೀಟರ್ ದಾಟುತ್ತದೆ.

ಸೌರ ಫ್ಲಕ್ಸ್ (ಸೂರ್ಯನ ಚಟುವಟಿಕೆಯ ಸೂಚ್ಯಂಕ) 150ರ ಮೇಲಿರುವ ದಿನಗಳಲ್ಲಿ ಬೆಳಗಿನಿಂದ ಇಳಿಹೊತ್ತಿನವರೆಗೆ 10, 12, 15 ಮೀಟರ್ ನೋಡಿ. 80ರ ಆಸುಪಾಸಿಗೆ ಇಳಿದಾಗ 10 ಮೀಟರ್ ನಂಬಿ ಕೂರಬೇಡಿ, 20 ಮೀಟರ್‌ಗೆ ಬನ್ನಿ. ಸಂಜೆ 20 ಮತ್ತು 30, ಕತ್ತಲಾದ ಮೇಲೆ 40. ಕೆ ಸೂಚ್ಯಂಕ 5 ಮುಟ್ಟಿದರೆ ಭೂಕಾಂತೀಯ ಬಿರುಗಾಳಿ ಎದ್ದಿದೆ ಎಂದು ಅರ್ಥ. ಆಗ ಧ್ರುವಗಳ ಹತ್ತಿರ ಹಾಯುವ ದಾರಿಗಳು ಮೊದಲು ಕೆಡುತ್ತವೆ. ಸಮಭಾಜಕ ದಾಟುವ ಉತ್ತರ–ದಕ್ಷಿಣ ದಾರಿಗಳು ಇನ್ನೂ ಸಿಗಬಹುದು.

ಸೂಚ್ಯಂಕ ನೋಡಿ ಊಹಿಸುವುದಕ್ಕಿಂತ ಬೀಕನ್ (ತಾನಾಗಿ ಗುರುತು ಪ್ರಸಾರ ಮಾಡುವ ಸ್ಟೇಷನ್) ಕೇಳುವುದು ಮೇಲು. 14.100, 18.110, 21.150, 24.930, 28.200 ಮೆಗಾಹರ್ಟ್ಸ್‌ಗಳಲ್ಲಿ ಜಗತ್ತಿನ ಬೇರೆಬೇರೆ ಕಡೆಯ 18 ಬೀಕನ್‌ಗಳು ಸರದಿಯಂತೆ ತಲಾ 10 ಸೆಕೆಂಡು ಪ್ರಸಾರ ಮಾಡುತ್ತವೆ, ಮೂರು ನಿಮಿಷಕ್ಕೆ ಒಂದು ಸುತ್ತು. ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು) ಆದಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಡ್ಯಾಶ್ ಬರುತ್ತವೆ: 100 ವ್ಯಾಟ್, 10, 1, ಕೊನೆಯದು 0.1 ವ್ಯಾಟ್. ಮೂರನೆಯ ಡ್ಯಾಶ್ ಕಿವಿಗೆ ಬಿತ್ತೆಂದರೆ ಆ ದಿಕ್ಕಿಗೆ ನಿಮ್ಮ 5 ವ್ಯಾಟ್ ಧಾರಾಳ ಸಾಕು. ಇಷ್ಟು ನೇರವಾದ ಅಳತೆಗೋಲು ಕ್ಯೂಆರ್‌ಪಿಯವರಿಗೆ (ಕಡಿಮೆ ವ್ಯಾಟ್‌ನವರಿಗೆ) ಬೇರೊಂದಿಲ್ಲ.

ಉತ್ತರ 2

ಮೊದಲು ಆ ಕೇಬಲ್ ಬದಲಿಸಿ. 28 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-174 ಸುಮಾರು 5 ಡೆಸಿಬೆಲ್ ನುಂಗುತ್ತದೆ. ರಿಗ್‌ನಿಂದ ಹೊರಟ 5 ವ್ಯಾಟ್‌ನಲ್ಲಿ ತಂತಿಗೆ ತಲುಪುವುದು ಒಂದೂವರೆ ವ್ಯಾಟ್ ಚಿಲ್ಲರೆ, ಉಳಿದದ್ದು ಕೇಬಲ್ ಬಿಸಿಮಾಡಲು ಖರ್ಚು. ಅಷ್ಟೇ ಉದ್ದದ ಆರ್‌ಜಿ-58 ಹಾಕಿದರೆ ನಷ್ಟ ಅದರ ಅರ್ಧ. ಅದಕ್ಕಿಂತ ಒಳ್ಳೆಯದು ರಿಗ್ಗನ್ನೇ ತಂತಿಯ ಹತ್ತಿರ ಒಯ್ದು ಕೇಬಲ್ಲನ್ನು 5–8 ಮೀಟರ್‌ಗೆ ಇಳಿಸುವುದು. ಇನ್ನೊಂದು ಮಾತು: ನಷ್ಟವಿರುವ ಉದ್ದ ಕೇಬಲ್ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೆಯಾಗಿದೆ ಎಂಬ ಅಳತೆ, 1 ಉತ್ತಮ) ಅನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ, ಏಕೆಂದರೆ ವಾಪಸ್ ಬರುವ ಶಕ್ತಿಯೂ ದಾರಿಯಲ್ಲೇ ಕರಗುತ್ತದೆ. ಅಳೆಯುವುದಿದ್ದರೆ ಟ್ರಾನ್ಸ್‌ಫಾರ್ಮರ್ ಬುಡದಲ್ಲೇ ಅಳೆಯಿರಿ.

ಎತ್ತರವನ್ನು ಮೀಟರ್‌ನಲ್ಲಿ ಎಣಿಸಬೇಡಿ, ತರಂಗಾಂತರದಲ್ಲಿ ಎಣಿಸಿ. 4 ಮೀಟರ್ ಎಂಬುದು 40 ಮೀಟರ್ ಬ್ಯಾಂಡ್‌ಗೆ ತರಂಗಾಂತರದ ಹತ್ತನೇ ಒಂದು ಭಾಗ. ಶಕ್ತಿ ನೆತ್ತಿಗೆ ಹೋಗಿ ಅಲ್ಲಿಂದ ಸುತ್ತಮುತ್ತ ಕೆಲವು ನೂರು ಕಿಲೋಮೀಟರ್‌ಗೆ ಇಳಿಯುತ್ತದೆ. ಹಗಲಲ್ಲಿ ಹತ್ತಿರದವರೊಡನೆ ಮಾತಾಡಲು ಅದು ಬಹಳ ಒಳ್ಳೆಯದೇ, ದೂರಕ್ಕಲ್ಲ. ಅದೇ ಎತ್ತರ 10 ಮೀಟರ್ ಬ್ಯಾಂಡ್‌ನಲ್ಲಿ ತರಂಗಾಂತರದ ಮೂರನೇ ಒಂದಕ್ಕಿಂತ ಹೆಚ್ಚು, ಕೆಲಸಕ್ಕೆ ಬರುತ್ತದೆ. 20 ಮೀಟರ್‌ನಲ್ಲಿ ದೂರ ಬೇಕಿದ್ದರೆ ಒಂದು ತುದಿಯನ್ನಾದರೂ 10 ಮೀಟರ್‌ಗೆ ಏರಿಸಿ.

ಒಂದೇ ಬ್ಯಾಂಡ್ ಸಾಕೆನ್ನುವವರಿಗೆ ಡೈಪೋಲ್‌ನಷ್ಟು (ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ತಂತಿ) ನಂಬಿಕಸ್ಥ ಬೇರೆ ಇಲ್ಲ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ: 14.060ಕ್ಕೆ 10.17, ಅಂದರೆ ಒಂದೊಂದು ಕಡೆ 5.08. ಕತ್ತರಿಸುವಾಗ 20 ಸೆಂಟಿಮೀಟರ್ ಹೆಚ್ಚಿಗೆ ಬಿಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಕೊನೆಯ ಉದ್ದ ಇನ್ನೂ ಸ್ವಲ್ಪ ಕಡಿಮೆ ಬರುತ್ತದೆ, ಆದ್ದರಿಂದ ತುದಿಯನ್ನು ಮಡಚಿ ನೋಡಿ ಆಮೇಲೆ ಕತ್ತರಿಸಿ.

ಉತ್ತರ 3

ತಂತಿ ಸರಿಯಾದ ಮೇಲೂ ಸಿಕ್ಯೂ ಕರೆಯುತ್ತಾ ಕೂತರೆ ನಿರಾಶೆಯೇ. ಕರೆಯುವವರಿಗೆ ಉತ್ತರ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ಬ್ಯಾಂಡ್ ತುಂಬ ಒಮ್ಮೆ ಹುಡುಕಿ, ಗಟ್ಟಿಯಾಗಿ ಬರುವವರನ್ನೇ ಆರಿಸಿ. ಅವರು 100 ವ್ಯಾಟ್‌ನಲ್ಲಿ ನಿಮಗೆ ಎಸ್9 ಬಂದರೆ ನೀವು ಅವರಿಗೆ ಎಸ್7ರ ಹತ್ತಿರ ಹೋಗುತ್ತೀರಿ, ಸಲೀಸು. ಅವರೇ ಎಸ್4 ಬಂದರೆ ನೀವು ಎಸ್2. ಅವರ ಕಡೆಯ ಗದ್ದಲ ಎಸ್3 ಇದ್ದರೂ ಮುಳುಗಿಹೋದಿರಿ. ನಿಮಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ ಎಂಬುದರ ಗುಟ್ಟು ಹೆಚ್ಚಾಗಿ ಇಷ್ಟೇ.

ಮೋರ್ಸ್ ಬರುವುದಾದರೆ ಅದನ್ನೇ ಹಿಡಿಯಿರಿ. 250 ಹರ್ಟ್ಸ್ ಫಿಲ್ಟರ್ ಒಳಕ್ಕೆ ಬಿಡುವ ಗದ್ದಲ 2,400 ಹರ್ಟ್ಸ್‌ನ ಮಾತಿನ ಫಿಲ್ಟರ್‌ಗಿಂತ ಸುಮಾರು 10 ಡೆಸಿಬೆಲ್ ಕಡಿಮೆ. ಆದರೆ ಅಷ್ಟು ಕಿರಿದಾದ ಫಿಲ್ಟರ್ ಇಟ್ಟುಕೊಂಡವರನ್ನು ಕರೆಯುವಾಗ ಸ್ವರ ಸೇರಿಸುವುದು ಮುಖ್ಯ: ನಿಮ್ಮ ಸೈಡ್‌ಟೋನ್ (ನೀವು ಕಳಿಸುವಾಗ ನಿಮಗೇ ಕೇಳಿಸುವ ಸ್ವರ) ಮತ್ತು ಅವರ ಸ್ವರ ಒಂದೇ ಆಗುವಂತೆ ತಿರುಗಿಸಿ. 300 ಹರ್ಟ್ಸ್ ಆಚೆ ಇದ್ದರೆ ನೀವು ಅವರ ಪಾಲಿಗೆ ಇಲ್ಲವೇ ಇಲ್ಲ. ಹೊಸಬರ ಉತ್ತರ ಸಿಗದ ಕರೆಗಳಲ್ಲಿ ಈ ತಪ್ಪು ತುಂಬ ಸಾಮಾನ್ಯ.

ಸಿಕ್ಯೂ ಕರೆಯಲೇಬೇಕೆಂದರೆ ಕ್ಯೂಆರ್‌ಪಿಯವರು ಸೇರುವ ಜಾಗದಲ್ಲಿ ಕರೆಯಿರಿ: 7.030, 14.060, 21.060, 28.060. ಕಾಲ್‌ಸೈನ್ ಎರಡು ಸಲ ಸ್ಪಷ್ಟವಾಗಿ ಕಳಿಸಿದರೆ ರಿವರ್ಸ್ ಬೀಕನ್ ಜಾಲದ ಸ್ವಯಂಚಾಲಿತ ರಿಸೀವರ್‌ಗಳು ಹಿಡಿದು, ಯಾವ ಊರಲ್ಲಿ ಎಷ್ಟು ಡೆಸಿಬೆಲ್ ಎಂದು ತೋರಿಸುತ್ತವೆ. ಅಲ್ಲಿ ಕಾಣಿಸಿಯೂ ಯಾರೂ ಉತ್ತರಿಸದಿದ್ದರೆ ದೋಷ ಆಂಟೆನಾದ್ದಲ್ಲ. ಸ್ಪರ್ಧೆಗಳ ಕೊನೆಯ ಕೆಲವು ಗಂಟೆ ಬಿಡಬೇಡಿ; ದೊಡ್ಡ ಸ್ಟೇಷನ್‌ಗಳು ಆಗ ಹೊಸ ಕಾಲ್‌ಸೈನ್‌ಗಾಗಿ ಹಸಿದು ಕೂತಿರುತ್ತವೆ, ಕ್ಷೀಣ ಸದ್ದಿಗೂ ಕಿವಿ ಕೊಡುತ್ತವೆ.

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ. ರಿಗ್‌ನಲ್ಲಿ 30 ಮೀಟರ್ ಇದ್ದರೆ ಮೋರ್ಸ್‌ನವರು ಅದನ್ನು ಮರೆಯಬಾರದು. ಅಲ್ಲಿ ಸ್ಪರ್ಧೆಗಳಿಲ್ಲ, ಮಾತಿನವರ ಸಂತೆಯಿಲ್ಲ, ಹಗಲು ರಾತ್ರಿ ಎರಡರಲ್ಲೂ ಏನಾದರೊಂದು ದಾರಿ ತೆರೆದಿರುತ್ತದೆ. ನಿಮ್ಮ ಈಗಿನ ತಂತಿ ಮಾತ್ರ ಅಲ್ಲಿ ಅನುರಣಿಸುವುದಿಲ್ಲ, ಬೇರೆ ಕಟ್ಟಬೇಕು.

ಉತ್ತರ 4

ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಬಳಸುವುದಾದರೆ ಎರಡು ವಿಷಯ. ಕಂಪ್ಯೂಟರ್ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಬೇಕು, ಇಲ್ಲದಿದ್ದರೆ ಜಲಪಾತದಲ್ಲಿ (ಪರದೆಯ ಮೇಲೆ ಸಿಗ್ನಲ್‌ಗಳು ಇಳಿದುಬರುವ ಚಿತ್ರ) ಗೆರೆ ಕಂಡರೂ ಅಕ್ಷರ ಬಿಡಿಸುವುದಿಲ್ಲ. ಆಡಿಯೊ ಮಟ್ಟವನ್ನು ಎಎಲ್‌ಸಿ (ಮಟ್ಟ ಮಿತಿಮೀರಿದರೆ ರಿಗ್ ತಾನಾಗಿ ತಗ್ಗಿಸುವ ವ್ಯವಸ್ಥೆ) ಅಲುಗದಷ್ಟಕ್ಕೆ ಇಳಿಸಿ, ಸ್ವರವನ್ನು 1,500 ಹರ್ಟ್ಸ್‌ನ ಮೇಲಿಡಿ. 500 ಹರ್ಟ್ಸ್ ಸ್ವರಕ್ಕೆ ಹುಟ್ಟುವ 1,000, 1,500ರ ಮರಿಗಳು (ಮೂಲ ಸ್ವರದ ಪಟ್ಟುಗಳಲ್ಲಿ ಹುಟ್ಟುವ ಬೇಡದ ಸ್ವರಗಳು) ಫಿಲ್ಟರ್ ಒಳಗೇ ಉಳಿದು ಹೊರಗೆ ಹೋಗುತ್ತವೆ. 1,500ರ ಮರಿ 3,000ದಲ್ಲಿ, ಫಿಲ್ಟರ್ ಅದನ್ನು ತಡೆಯುತ್ತದೆ.

ಮತ್ತೆ ಕೇಳಿದ್ದು

ಎಲ್ಲರಿಗೂ ಧನ್ಯವಾದ. ಟ್ರಾನ್ಸ್‌ಫಾರ್ಮರ್ 5 ವ್ಯಾಟ್‌ಗೇ ಬಿಸಿಯಾಗುತ್ತಿದೆ. 2 ಮತ್ತು 14 ಸುತ್ತು ಹಾಕಿದ್ದೇನೆ, ಕೋರ್ (ಸುತ್ತು ಹಾಕುವ ಉಂಗುರ) ಒಂದು ಬದಿ ಕೆಂಪು ಬಣ್ಣದ್ದು. ಸರಿಯೇ?

ಉತ್ತರ 2ರವರು

ಸರಿಯಲ್ಲ, ಉತ್ತರ ಸಿಗದಿರುವುದಕ್ಕೆ ಇದೂ ಕಾರಣವಿದ್ದೀತು. ಕೆಂಪು ಬಣ್ಣದ್ದು ಕಬ್ಬಿಣಪುಡಿಯ ಕೋರ್, ಲೋ ಪಾಸ್ ಫಿಲ್ಟರ್‌ಗೆ ಹೇಳಿಸಿದ್ದು. ಅದರ ಮೇಲೆ ಎರಡು ಸುತ್ತು ಹಾಕಿದರೆ ಇಂಡಕ್ಟೆನ್ಸ್ ಏನೇನೂ ಸಾಲದು, ಶಕ್ತಿ ತಂತಿಗೆ ಹೋಗುವ ಬದಲು ಸುತ್ತುಗಳಲ್ಲೇ ಸುಳಿಯುತ್ತದೆ. ಬೇಕಾದದ್ದು 43 ಮಿಶ್ರಣದ ಫೆರೈಟ್: ಎಫ್‌ಟಿ140-43 ಆದರೆ 2:14, ಸಣ್ಣ ಎಫ್‌ಟಿ114-43 ಆದರೆ 3:21. ತಂತಿ ಕೋರ್‌ನ ತೂತಿನೊಳಗೆ ಒಮ್ಮೆ ಹಾದರೆ ಒಂದು ಸುತ್ತು ಎಂದು ಎಣಿಸಿ, ಹೊರಗಿನಿಂದ ಎಣಿಸಿದರೆ ಒಂದು ತಪ್ಪುತ್ತದೆ. ಎನಾಮಲ್ ಪೂರ್ತಿ ಕೆರೆದು ಬೆಸುಗೆ ಹಾಕಿ. ಪ್ರೈಮರಿಗೆ (ಕೇಬಲ್ ಕಡೆಯ ಕಡಿಮೆ ಸುತ್ತು) ಅಡ್ಡಲಾಗಿ 100 ಪಿಕೋಫ್ಯಾರಡ್ ಕೆಪಾಸಿಟರ್ ಇಟ್ಟರೆ 15 ಮತ್ತು 10 ಮೀಟರ್ ಸುಧಾರಿಸುತ್ತವೆ.

ಕಟ್ಟುವ ಮುಂಚೆ ಮೇಜಿನ ಮೇಲೆ ಪರೀಕ್ಷಿಸಿ. 2,200 ಮತ್ತು 240 ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ ಸೆಕೆಂಡರಿಗೆ (ತಂತಿ ಕಡೆಯ ಹೆಚ್ಚು ಸುತ್ತು) ಹಾಕಿ. 50ರ 49 ಪಟ್ಟು 2,450, ಇದು ಅದರ ಹತ್ತಿರಕ್ಕೆ ಬರುತ್ತದೆ. ಆಂಟೆನಾ ಅನಲೈಸರ್‌ನಲ್ಲಿ 7ರಿಂದ 28 ಮೆಗಾಹರ್ಟ್ಸ್‌ವರೆಗೆ ಎಸ್‌ಡಬ್ಲ್ಯೂಆರ್ 2ರ ಒಳಗಿದ್ದರೆ ಏರಿಸಿ. ಕಾಲು ವ್ಯಾಟ್ ರೆಸಿಸ್ಟರ್‌ಗೆ ರಿಗ್ ಮಾತ್ರ ಜೋಡಿಸಬೇಡಿ, ಸುಟ್ಟುಹೋಗುತ್ತದೆ. ತಂತಿಗೆ ಕೌಂಟರ್‌ಪಾಯ್ಸ್ (ಆಂಟೆನಾದ ಇನ್ನೊಂದು ಅರ್ಧದಂತೆ ಕೆಲಸ ಮಾಡುವ ಚಿಕ್ಕ ತಂತಿ) ಇಲ್ಲವಾದರೆ ಗ್ರೌಂಡ್ ಕಡೆಗೆ 2 ಮೀಟರ್ ತುಂಡೊಂದನ್ನು ಸಿಕ್ಕಿಸಿ. ಇಲ್ಲದಿದ್ದರೆ ಕೇಬಲ್‌ನ ಹೊರಮೈಯೇ ಆ ಕೆಲಸ ಮಾಡುತ್ತದೆ, ಮನೆಯೊಳಗಿನ ಚಾರ್ಜರ್‌ಗಳ ಗದ್ದಲವನ್ನೂ ರಿಸೀವರ್‌ಗೆ ಹೊತ್ತು ತರುತ್ತದೆ.