ಮೇದೋಜೀರಕ ಗ್ರಂಥಿಯಲ್ಲಿ ಕೊಬ್ಬು: ಕ್ಯಾನ್ಸರ್‌ಗೆ ಇದು ಮುನ್ಸೂಚನೆಯೇ?

ಪ್ರಶ್ನೆ:
ನನ್ನ ತಂದೆಯವರಿಗೆ 56 ವರ್ಷ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಪಿತ್ತಕೋಶದ ಕಲ್ಲಿಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ, ಮೇದೋಜೀರಕ ಗ್ರಂಥಿ ಬೆಳ್ಳಗೆ ಕಾಣುತ್ತಿದ್ದು ಅದರಲ್ಲಿ ಕೊಬ್ಬು ಸೇರಿದೆ ಎಂದು ವರದಿಯ ಕೊನೆಯ ಸಾಲಿನಲ್ಲಿ ಬರೆದಿದ್ದಾರೆ. ದೊಡ್ಡಪ್ಪ ಇದೇ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡವರು. ಆದ್ದರಿಂದ ಆ ಒಂದು ಸಾಲು ಮನೆಯವರ ನಿದ್ದೆ ಕೆಡಿಸಿದೆ. ಬೊಜ್ಜಿಗೂ ಈ ಕ್ಯಾನ್ಸರ್‌ನ ಆರಂಭಕ್ಕೂ ಏನು ಸಂಬಂಧ?

ಉತ್ತರ 1:
ಸಂಬಂಧವಿದೆ, ಆದರೆ ಕೊಬ್ಬು ಕಂಡ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದಲ್ಲ. ವಯಸ್ಸಾದಂತೆ ಈ ಗ್ರಂಥಿಯಲ್ಲಿ ಕೊಬ್ಬು ಹೆಚ್ಚುವುದು ಸಾಮಾನ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಬೊಜ್ಜಿನೊಂದಿಗೆ ನಂಟಿರುವ 13 ಕ್ಯಾನ್ಸರ್‌ಗಳನ್ನು ಗುರುತಿಸಿತು. ಅವುಗಳಲ್ಲಿ ಇದೂ ಒಂದು. ಈ ಗಡ್ಡೆಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಕೆರಾಸ್ (KRAS) ಎಂಬ ವಂಶವಾಹಿಯ ದೋಷ ಕಾಣುತ್ತದೆ. ಅದೇ ದೋಷ ಗ್ರಂಥಿಯ ನಾಳಗಳ ಒಳಪದರದಲ್ಲಿ ಮೂಡುವ, ಸ್ಕ್ಯಾನಿಂಗ್‌ಗೆ ಕಾಣದಷ್ಟು ಸೂಕ್ಷ್ಮವಾದ ವಿಕಾರಗಳಲ್ಲೂ ಇರುತ್ತದೆ. ಅವುಗಳಲ್ಲಿ ಬಹುಪಾಲು ಎಂದಿಗೂ ಕ್ಯಾನ್ಸರ್ ಆಗುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಕೊಬ್ಬು ಹೆಚ್ಚಿದ್ದಲ್ಲಿ ಈ ವಿಕಾರಗಳೂ ಹೆಚ್ಚಿದ್ದುದನ್ನು ಕಂಡಿದ್ದಾರೆ. ಕೊಬ್ಬಿನ ಕೋಶಗಳು ಹೊರಡಿಸುವ ಉರಿಯೂತದ ಸಂಕೇತಗಳು ಮತ್ತು ರಕ್ತದಲ್ಲಿ ಏರಿದ ಇನ್ಸುಲಿನ್ ಇಂಥ ವಿಕಾರಗೊಂಡ ಕೋಶಗಳನ್ನು ಕ್ಯಾನ್ಸರ್‌ನತ್ತ ತಳ್ಳುತ್ತವೆ ಎಂಬುದು ಸದ್ಯದ ತಿಳಿವಳಿಕೆ. 2020ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಬೊಜ್ಜು ಬಂದ ಇಲಿಗಳ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಕೊಲಿಸಿಸ್ಟೋಕಿನಿನ್ ಎಂಬ ಹಾರ್ಮೋನನ್ನೂ ಸ್ರವಿಸಿ ಗಡ್ಡೆಗೆ ಇಂಬು ಕೊಟ್ಟವು. ಆರಂಭದಲ್ಲೇ ತೂಕ ಇಳಿಸಿದಾಗ ಗಡ್ಡೆಯ ಬೆಳವಣಿಗೆ ಕುಗ್ಗಿತು. ಇಲಿ ಮನುಷ್ಯನಲ್ಲ ನಿಜ, ಆದರೂ ನನಗೆ ಭರವಸೆ ಕೊಟ್ಟ ಫಲಿತಾಂಶವಿದು.

ಉತ್ತರ 2:
ವರದಿಯ ಆ ಸಾಲಿಗಿಂತ ನಿಮ್ಮ ದೊಡ್ಡಪ್ಪನವರ ವಿಷಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ದೋಷವಿದ್ದರೆ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ2 (BRCA2) ಮುಂತಾದ ವಂಶವಾಹಿಗಳ ಪರೀಕ್ಷೆಯ ಬಗ್ಗೆ ತಜ್ಞರನ್ನು ಕೇಳಬೇಕು. ಇನ್ನೊಂದು ಮಾತು. ನನ್ನ ತಾಯಿಗೆ 63ರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂತು; ಅದೇ ಹೊತ್ತಿಗೆ ರವಿಕೆಗಳೆಲ್ಲ ಸಡಿಲವಾದವು. ಪಥ್ಯ ಫಲಿಸಿತೆಂದು ನಾವು ಸಂತೋಷಪಟ್ಟೆವು. ಐದು ತಿಂಗಳ ನಂತರ ಕಣ್ಣು ಹಳದಿಯಾದಾಗ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು, ಅಷ್ಟರಲ್ಲಿ ಗಡ್ಡೆ ಯಕೃತ್ತಿಗೆ ಹರಡಿತ್ತು. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂದವರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ಸುಮಾರು ಶೇ. 1 ಜನರಲ್ಲಿ ಮಾತ್ರ. ಆದರೆ ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ದಯವಿಟ್ಟು ಕಾಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ತಂದೆಯವರ ಸಕ್ಕರೆಯ ಅಂಶ ಈಗ ಸರಿಯಾಗಿಯೇ ಇದೆ, ತೂಕವೂ ಇಳಿದಿಲ್ಲ. ದೊಡ್ಡಪ್ಪನವರ ಹಳೆಯ ಬಯಾಪ್ಸಿ ವರದಿ ದೊಡ್ಡಮ್ಮನ ಬೀರುವಿನಲ್ಲಿದೆಯಂತೆ. ಭಾನುವಾರ ಹೋಗಿ ತಂದು, ಅದರೊಂದಿಗೆ ವೈದ್ಯರನ್ನು ಕಾಣುತ್ತೇವೆ.